ಇಂಡಿಯಾದ ಐಸಿಯು ಅನುಭವಕ್ಕೆ ಅಮೆರಿಕದಲ್ಲಿ ಲೆಕ್ಕವೇ ಇಲ್ಲವಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವಳು. 2014ರಲ್ಲಿ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದೆ. 64 ಪರ್ಸೆಂಟ್. ಆಮೇಲೆ ಬೆಂಗಳೂರಿನಲ್ಲಿ ಆರು ವರ್ಷ, ಸೌದಿಯಲ್ಲಿ ಎರಡು ವರ್ಷ ಐಸಿಯುನಲ್ಲೇ ಕೆಲಸ ಮಾಡಿದೆ. ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ, ಗ್ರೀನ್ ಕಾರ್ಡ್ ಮೇಲೆ ಟೆಕ್ಸಾಸ್‌ಗೆ ಬಂದು 14 ತಿಂಗಳಾಯಿತು. ಏಜೆನ್ಸಿ ಜೊತೆ ಮೂರು ವರ್ಷದ ಕಾಂಟ್ರಾಕ್ಟ್ ಇದೆ. ಈಗ ಸ್ಟೆಪ್-ಡೌನ್ ಯೂನಿಟ್‌ನಲ್ಲಿದ್ದೇನೆ. ಐಸಿಯುಗಿಂತ ಒಂದು ಹಂತ ಕೆಳಗಿನ, ಆದರೆ ಇನ್ನೂ ನಿಗಾ ಬೇಕಾದ ರೋಗಿಗಳ ವಾರ್ಡ್ ಅದು. ಈ ದೇಶದಲ್ಲಿ ನರ್ಸ್‌ಗಳೇ ಅರಿವಳಿಕೆ ಕೊಡುವುದನ್ನು ನೋಡಿ ಆಸೆ ಹುಟ್ಟಿದೆ. ಆ ನರ್ಸ್‌ಗಳು ಮಾಡುವ ಸಿಆರ್‌ಎನ್‌ಎ (ನರ್ಸ್ ಅನಸ್ತೆಟಿಸ್ಟ್) ಕೋರ್ಸ್‌ಗೆ ಈ ವರ್ಷವೇ ಅರ್ಜಿ ಹಾಕಬೇಕು ಅಂತಿದ್ದೇನೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಂಡಿಯಾದ ಅನುಭವ ನಡೆಯಲ್ಲ ಅಂತ ಒಬ್ಬರು, 64 ಪರ್ಸೆಂಟ್‌ಗೆ ಯಾರೂ ಕರೆಯಲ್ಲ ಅಂತ ಇನ್ನೊಬ್ಬರು, ನಮ್ಮವರಿಗೆ ಸೀಟೇ ಕೊಡಲ್ಲ ಅಂತ ಮತ್ತೊಬ್ಬರು. ನನಗೆ 34 ವರ್ಷ, ಐದು ವರ್ಷದ ಮಗಳಿದ್ದಾಳೆ. ಸಾಲದ ಮೊತ್ತ ಕೇಳಿ ಮನೆಯವರು ಹೆದರಿದ್ದಾರೆ. ಇನ್ನೊಂದು ಮಾತು. ನಮ್ಮ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಬಿಎಸ್ಸಿ ಅನಸ್ತೇಷಿಯಾ ಓದುತ್ತಿದ್ದಾನೆ. ಅವನೂ ಮುಂದೆ ಇದೇ ಕೋರ್ಸ್ ಮಾಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ನನ್ನ ಕಣ್ಣು ನಿಂತಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಮಾತಿನ ಮೇಲೆ. 'ಈಗ ಸ್ಟೆಪ್-ಡೌನ್ ಯೂನಿಟ್‌ನಲ್ಲಿದ್ದೇನೆ.' ನಿಮ್ಮ ಗಂಟು ಇರುವುದು ಅಲ್ಲಿ. ಮಾರ್ಕ್ಸ್, ವಯಸ್ಸು, ಊರು ಎಲ್ಲ ಆಮೇಲಿನ ಮಾತು.

ಮೊದಲು ಕಹಿ ವಿಷಯ ಹೇಳಿಬಿಡುತ್ತೇನೆ. ಅನುಭವದ ಬಗ್ಗೆ ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ನರ್ಸ್ ಅನಸ್ತೇಷಿಯಾ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೌನ್ಸಿಲ್‌ನ ನಿಯಮದ ಪ್ರಕಾರ ಕನಿಷ್ಠ ಒಂದು ವರ್ಷ ಪೂರ್ತಿ ಸಮಯದ ಕ್ರಿಟಿಕಲ್ ಕೇರ್ ಅನುಭವ ಇರಬೇಕು. ಪಾರ್ಟ್ ಟೈಮ್ ಮಾಡಿದ್ದರೆ ಅಷ್ಟೇ ಗಂಟೆಗಳು ಕೂಡಬೇಕು. ಆ ಅನುಭವ ಅಮೆರಿಕದಲ್ಲಿ, ಅದರ ಆಡಳಿತದ ಪ್ರದೇಶಗಳಲ್ಲಿ ಅಥವಾ ಹೊರದೇಶದಲ್ಲಿರುವ ಅಮೆರಿಕದ ಸೈನ್ಯದ ಆಸ್ಪತ್ರೆಯಲ್ಲಿ ಆಗಿರಬೇಕು. ಅಂದರೆ ಬೆಂಗಳೂರಿನ ಆರು, ಸೌದಿಯ ಎರಡು, ಒಟ್ಟು ಎಂಟು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ಇದು ಕನಿಷ್ಠದ ಮಾತು. ಎಷ್ಟೋ ಕಾಲೇಜುಗಳು ಎರಡು ವರ್ಷ ಕೇಳುತ್ತವೆ. ಒಂದೇ ವರ್ಷ ಸಾಕು ಎನ್ನುವ ಕಡೆಯೂ ನಿಮ್ಮ ಪಕ್ಕ ಕೂತವರಿಗೆ ಮೂರು ನಾಲ್ಕು ವರ್ಷ ಆಗಿರುತ್ತದೆ.

ಇನ್ನೂ ಕಹಿ ವಿಷಯ ಅಂದರೆ ನಿಮ್ಮ ಈ 14 ತಿಂಗಳೂ ಬಹುಪಾಲು ಕಾಲೇಜುಗಳಲ್ಲಿ ಲೆಕ್ಕಕ್ಕೆ ಬರಲಿಕ್ಕಿಲ್ಲ. ಕ್ರಿಟಿಕಲ್ ಕೇರ್ ಅಂದರೆ ಅವರ ಅರ್ಥ ಬೇರೆ. ವೆಂಟಿಲೇಟರ್, ಆರ್ಟೀರಿಯಲ್ ಲೈನ್, ಸೆಂಟ್ರಲ್ ಲೈನ್, ಬಿಪಿ ಹಿಡಿದು ನಿಲ್ಲಿಸುವ ಡ್ರಿಪ್‌ಗಳು, ಇವನ್ನೆಲ್ಲ ದಿನನಿತ್ಯ ನೀವೇ ನಿಭಾಯಿಸುವ ಜಾಗ. ಸರ್ಜಿಕಲ್, ಮೆಡಿಕಲ್, ಕಾರ್ಡಿಯೋಥೊರಾಸಿಕ್, ಟ್ರಾಮಾ ಐಸಿಯುಗಳು ಎಲ್ಲ ಕಡೆ ನಡೆಯುತ್ತವೆ. ಮಕ್ಕಳ ಮತ್ತು ನವಜಾತ ಶಿಶುಗಳ ಐಸಿಯುವನ್ನು ಕೆಲವರು ಒಪ್ಪುತ್ತಾರೆ, ಕೆಲವರು ದೊಡ್ಡವರ ಐಸಿಯುವೇ ಬೇಕು ಅನ್ನುತ್ತಾರೆ. ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಸ್ಟೆಪ್-ಡೌನ್ ಯೂನಿಟ್‌ಗಳನ್ನು ಹೆಚ್ಚಿನವರು ಒಪ್ಪುವುದಿಲ್ಲ. ಹಾಗಾಗಿ ಮೊದಲು ಇಲ್ಲಿನ ಐಸಿಯುಗೆ ಸೇರಿಕೊಳ್ಳಿ, ಈ ವರ್ಷ ಅರ್ಜಿ ಹಾಕಬೇಡಿ. ಅರ್ಜಿ ಫೀಸು ದಂಡ ಅಷ್ಟೇ.

ಇಷ್ಟು ಓದಿದ ಮೇಲೆ 'ನಮ್ಮ ದುಡಿಮೆಗೆ ಬೆಲೆಯೇ ಇಲ್ವಾ' ಅಂತ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ನಾನು ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಐಸಿಯು ಮಾಡಿ ಬಂದವಳೇ. ಹನ್ನೆರಡು ಬೆಡ್‌ನ ಐಸಿಯುನಲ್ಲಿ ನೈಟ್ ಡ್ಯೂಟಿಗೆ ಮೂರೇ ಜನ ಇದ್ದ ಕಾಲ. ಇಲ್ಲಿ ಒಬ್ಬ ನರ್ಸ್‌ಗೆ ಒಬ್ಬರೋ ಇಬ್ಬರೋ ರೋಗಿಗಳು. ಇವರಿಗಿಂತ ನಾನು ಕಡಿಮೆ ಹೇಗೆ ಅಂತ ಅನಿಸುತ್ತಿತ್ತು.

ಉತ್ತರ ಸಿಕ್ಕಿದ್ದು ನನ್ನ ಮೊದಲ ಸಂದರ್ಶನದಲ್ಲಿ. ಎದುರಿಗೆ ಮೂವರು ಕೂತಿದ್ದರು. ಒಬ್ಬರು ಕೇಳಿದರು: 'ನಿಮ್ಮ ರೋಗಿ ವೆಂಟಿಲೇಟರ್ ಮೇಲಿದ್ದಾರೆ. ಇದ್ದಕ್ಕಿದ್ದಂತೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಇಳಿಯುತ್ತಿದೆ, ಪ್ರೆಷರ್ ಅಲಾರ್ಮ್ ಹೊಡೆದುಕೊಳ್ಳುತ್ತಿದೆ. ಏನು ಮಾಡುತ್ತೀರಿ?' ನಾನು ತಟ್ಟನೆ ಹೇಳಿದೆ, 'ಡಾಕ್ಟರಿಗೆ ತಿಳಿಸುತ್ತೇನೆ.' ಅವರು ನಕ್ಕು, 'ಡಾಕ್ಟರ್ ಬರಲು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ?' ಅಂದರು. ನಾನು ತಡವರಿಸಿದೆ. ಸೀಟು ಸಿಗಲಿಲ್ಲ.

ಉತ್ತರ ನನಗೆ ಗೊತ್ತಿರಲಿಲ್ಲ ಅಂತಲ್ಲ. ವೆಂಟಿಲೇಟರ್‌ನಿಂದ ಬಿಡಿಸಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್‌ನಿಂದ ನೂರಕ್ಕೆ ನೂರು ಆಕ್ಸಿಜನ್ ಕೊಡಬೇಕು. ಟ್ಯೂಬ್ ಜಾರಿದೆಯಾ, ಕಫ ಕಟ್ಟಿದೆಯಾ, ರೋಗಿ ಕಚ್ಚಿಕೊಂಡಿದ್ದಾರಾ, ಎರಡೂ ಕಡೆ ಉಸಿರಿನ ಸದ್ದು ಕೇಳುತ್ತಿದೆಯಾ ಅಥವಾ ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯಾ, ಕೊನೆಗೆ ಮೆಷಿನ್ನೇ ಕೆಟ್ಟಿದೆಯಾ ಅಂತ ಒಂದೊಂದಾಗಿ ನೋಡಬೇಕು. ಬೆಂಗಳೂರಿನಲ್ಲಿ ಇದನ್ನೆಲ್ಲ ಹತ್ತಾರು ಸಲ ಕೈಯಾರೆ ಮಾಡಿದ್ದೆ. ಆದರೆ 'ನಾನು ಮಾಡಿದೆ' ಅಂತ ಹೇಳುವ ಅಭ್ಯಾಸ ಇರಲಿಲ್ಲ. ಅಲ್ಲಿ ನಾವು ಮಾಡುತ್ತೇವೆ, ಆರ್ಡರ್ ಡಾಕ್ಟರ ಹೆಸರಿನಲ್ಲಿ ಬರೆಯಲಾಗುತ್ತದೆ. ರಾತ್ರಿಯಿಡೀ ಡ್ಯೂಟಿ ಡಾಕ್ಟರ್ ಪಕ್ಕದ ರೂಮಿನಲ್ಲೇ ಇರುತ್ತಾರೆ. ಇಲ್ಲಿನ ಐಸಿಯುನಲ್ಲಿ ಬಿಪಿ ಏರಿಸುವ ನಾರ್‌ಎಪಿನೆಫ್ರಿನ್ ಎಷ್ಟು ಏರಿಸಬೇಕು, ಯಾವಾಗ ಇಳಿಸಬೇಕು ಅಂತ ಆರ್ಡರ್‌ನಲ್ಲಿ ಒಂದು ಮಿತಿ ಕೊಟ್ಟಿರುತ್ತಾರೆ. ಆ ಮಿತಿಯೊಳಗೆ ಅಳೆದು ನಿರ್ಧರಿಸುವವಳು ನರ್ಸ್. ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಕೊಡುವವಳಿಗೆ ಇದೇ ಗುಣ ಬೇಕು. ಸರ್ಜನ್ ಕತ್ತರಿ ಹಿಡಿದಾಗಿದೆ, ಬಿಪಿ 60ಕ್ಕೆ ಬಿದ್ದಿದೆ. ಆಗ ಫೋನ್ ಮಾಡಿಕೊಂಡು ಕೂರಲು ಆಗಲ್ಲ ಅಲ್ವಾ.

ಈ ನಿಯಮ ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ಮುಂದೆ ನಾನೂ ಸಿಆರ್‌ಎನ್‌ಎ ಆಗಿ, ಪಾಠ ಹೇಳುತ್ತಾ ಸಂದರ್ಶನದ ಟೇಬಲ್‌ನ ಆ ಬದಿಯಲ್ಲಿ ಕೂತ ಮೇಲೆ ನನಗೆ ಕಂಡಿದ್ದು ಇದು. ಸಂದರ್ಶನ ಮಾಡುವವರು ವರ್ಷ ಎಣಿಸುವುದಿಲ್ಲ. ರೋಗಿಯ ಪಕ್ಕ ನಿಂತು ನೀವೇ ತೆಗೆದುಕೊಂಡ ನಿರ್ಧಾರ ಯಾವುದು, ಯಾಕೆ ತೆಗೆದುಕೊಂಡಿರಿ ಅಂತ ಕೇಳುತ್ತಾರೆ. ನಿಮ್ಮ ಎಂಟು ವರ್ಷ ಅರ್ಜಿಯ ಲೆಕ್ಕಕ್ಕೆ ಬರದಿದ್ದರೂ ಇಲ್ಲಿ ಬಡ್ಡಿ ಸಮೇತ ಕೈಗೆ ಬರುತ್ತದೆ. ಅದನ್ನು 'ನಾನು' ಅಂತ ಶುರು ಮಾಡಿ ಹೇಳಲು ಕಲಿಯಬೇಕು ಅಷ್ಟೇ. ನಾವು ಬೆಳೆದ ರೀತಿಗೆ ಅದು ಜಂಬ ಅನಿಸುತ್ತದೆ. ನನಗೆ ಒಂದು ವರ್ಷ ಬೇಕಾಯಿತು.

ಮಾರ್ಕ್ಸ್ ವಿಷಯಕ್ಕೆ ಬರುತ್ತೇನೆ. 64 ಪರ್ಸೆಂಟ್‌ನ್ನು ನೀವೇ ನಾಲ್ಕರ ಲೆಕ್ಕಕ್ಕೆ ಇಳಿಸಿ 2.5 ಅಂತ ಅಳಬೇಡಿ. ನಮ್ಮ ಯೂನಿವರ್ಸಿಟಿಗಳಲ್ಲಿ ಮಾರ್ಕ್ಸ್ ಕೈ ಬಿಗಿಹಿಡಿದು ಕೊಡುತ್ತಾರೆ ಅಂತ ಅಂಕಪಟ್ಟಿ ಪರಿಶೀಲಿಸುವ ಸಂಸ್ಥೆಗಳಿಗೆ ಗೊತ್ತು. ನಮ್ಮ ಫಸ್ಟ್ ಕ್ಲಾಸ್ ಇಲ್ಲಿ ಎಷ್ಟೋ ಸಲ 'ಎ' ಆಗಿ ಬರುತ್ತದೆ. ಹೆಚ್ಚಿನ ಕಾಲೇಜುಗಳು ಕೇಳುವ ಕನಿಷ್ಠ ಜಿಪಿಎ, ಅಂದರೆ ನಾಲ್ಕರ ಲೆಕ್ಕದ ಸರಾಸರಿ ಗ್ರೇಡ್, 3.0. ನೀವು ಅದನ್ನು ದಾಟುವ ಸಾಧ್ಯತೆ ಚೆನ್ನಾಗಿದೆ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಗ್ರೇಡ್ ಕೊಡುವ ಕೋರ್ಸ್-ವಾರು ಮೌಲ್ಯಮಾಪನವನ್ನೇ ಮಾಡಿಸಿ. ಯಾವ ಸಂಸ್ಥೆಯದ್ದು ನಡೆಯುತ್ತದೆ ಅಂತ ಕಾಲೇಜನ್ನು ಮೊದಲೇ ಕೇಳಿಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್ ಅಲ್ಲಿಂದಲೇ ಹೋಗಬೇಕಾಗುತ್ತದೆ. ಅಪ್ಪನನ್ನೋ ತಮ್ಮನನ್ನೋ ಆಫೀಸಿಗೆ ಓಡಾಡಿಸದೆ ಆ ಕೆಲಸ ಮುಗಿಯುವುದು ಕಷ್ಟ. ಈಗಲೇ ಶುರು ಮಾಡಿ.

ನಿಜವಾದ ತೊಡಕು ಪರ್ಸೆಂಟ್‌ನಲ್ಲಿ ಇಲ್ಲ, ವಿಷಯಗಳ ಹೆಸರಿನಲ್ಲಿದೆ. ನಮ್ಮ ಕಾಲದ ಬಿಎಸ್ಸಿ ನರ್ಸಿಂಗ್ ಅಂಕಪಟ್ಟಿಯಲ್ಲಿ ಅನಾಟಮಿ, ಫಿಸಿಯಾಲಜಿ ಒಂದೇ ಸಾಲಿನಲ್ಲಿ ಇರುತ್ತಿತ್ತು. ಬಯೋಕೆಮಿಸ್ಟ್ರಿ ನ್ಯೂಟ್ರಿಷನ್ ಜೊತೆ ಸೇರಿಕೊಂಡಿರುತ್ತಿತ್ತು. ಸ್ಟಾಟಿಸ್ಟಿಕ್ಸ್ ರಿಸರ್ಚ್ ಪೇಪರ್‌ನೊಳಗೆ ಮುಳುಗಿರುತ್ತಿತ್ತು. ಇಲ್ಲಿನ ಕಾಲೇಜು ಲ್ಯಾಬ್ ಸಮೇತ ಕೆಮಿಸ್ಟ್ರಿ ಕೇಳುತ್ತದೆ. ಪಿಯುಸಿಯಲ್ಲಿ ಓದಿದ್ದೇನೆ ಅಂದರೆ ಅದು ಹೈಸ್ಕೂಲ್ ಲೆಕ್ಕ. ಕೆಲವು ಕಡೆ ಸೈನ್ಸ್ ವಿಷಯಗಳು ಐದೋ ಹತ್ತೋ ವರ್ಷಕ್ಕಿಂತ ಹಳೆಯದಾಗಿರಬಾರದು ಅಂತಲೂ ಇದೆ. 2014ರ ಡಿಗ್ರಿ ಅಂದರೆ ನಿಮಗೆ ಈ ಗೆರೆ ಬಡಿಯುತ್ತದೆ. ಪರಿಹಾರ ದುಬಾರಿ ಅಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್ ಮಾಡಿ. ಸಾಧ್ಯವಾದರೆ ಒಂದು ಮಾಸ್ಟರ್ಸ್ ಮಟ್ಟದ ಫಾರ್ಮಕಾಲಜಿ ಅಥವಾ ಪ್ಯಾಥೋಫಿಸಿಯಾಲಜಿ ಕೂಡ. ಮೂರರಲ್ಲೂ 'ಎ' ಬಂದರೆ ಹತ್ತು ವರ್ಷದ ಹಿಂದಿನ 64ರ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ.

ಐಸಿಯುಗೆ ಹೋದ ಮೇಲೆ ಸಿಸಿಆರ್‌ಎನ್ ಪರೀಕ್ಷೆ ಬರೆಯಿರಿ, ಅದು ಐಸಿಯು ನರ್ಸ್‌ಗಳ ಪರಿಣತಿಗೆ ಕೊಡುವ ಸರ್ಟಿಫಿಕೇಟ್. ಹಿಂದಿನ ಎರಡು ವರ್ಷದಲ್ಲಿ 1,750 ಗಂಟೆ ಗಂಭೀರ ರೋಗಿಗಳನ್ನು ನೋಡಿಕೊಂಡಿರಬೇಕು, ಅದರಲ್ಲಿ 875 ಗಂಟೆ ಕೊನೆಯ ವರ್ಷದ್ದಾಗಿರಬೇಕು. ಎಷ್ಟೋ ಕಾಲೇಜುಗಳು ಇದನ್ನು ಕಡ್ಡಾಯ ಮಾಡಿವೆ. ಹೊರದೇಶದಲ್ಲಿ ಓದಿದವರಿಗಂತೂ ಇದರಿಂದ ಲಾಭ ಹೆಚ್ಚು, ಯಾಕೆಂದರೆ ಇಲ್ಲಿಯವರ ಜೊತೆ ಒಂದೇ ಪರೀಕ್ಷೆಯಲ್ಲಿ ನಿಂತು ತೋರಿಸಿದ ಹಾಗಾಗುತ್ತದೆ. ಉನ್ನತ ಕೋರ್ಸ್‌ಗಳ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯನ್ನು ಕೆಲವರು ಕೇಳುತ್ತಾರೆ, ಅನೇಕರು ಬಿಟ್ಟಿದ್ದಾರೆ. ಬೇಡದ ಕಾಲೇಜುಗಳನ್ನು ಆರಿಸಿದರೆ ಆಯಿತು, ಅದರ ಹಿಂದೆ ಬೀಳಬೇಡಿ. ಸಿಆರ್‌ಎನ್‌ಎ ಒಬ್ಬರ ಜೊತೆ ಒಂದೆರಡು ದಿನ ಥಿಯೇಟರ್‌ನಲ್ಲಿ ನಿಂತು ಕೆಲಸ ನೋಡಿ. ಇದನ್ನು ಅರ್ಜಿಗೋಸ್ಕರ ಅಂತ ಮಾಡಬೇಡಿ. ನಾಲ್ಕು ಗಂಟೆ ಏನೂ ಆಗದೆ, ಐದನೇ ಗಂಟೆಯಲ್ಲಿ ಮೂರು ನಿಮಿಷ ಎಲ್ಲವೂ ಆಗುವ ಕೆಲಸ ನಿಮ್ಮ ಸ್ವಭಾವಕ್ಕೆ ಹಿಡಿಸುತ್ತದಾ ಅಂತ ಗೊತ್ತಾಗುತ್ತದೆ.

'ನಮ್ಮವರಿಗೆ ಸೀಟು ಕೊಡಲ್ಲ' ಅನ್ನುವುದು ಅರ್ಧ ಕೇಳಿಸಿಕೊಂಡ ಮಾತು. ವೀಸಾ ಮೇಲಿರುವವರನ್ನು ಕೆಲವು ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ, ಅದು ನಿಜ. ನಿಮ್ಮ ಕೈಯಲ್ಲಿ ಗ್ರೀನ್ ಕಾರ್ಡ್ ಇದೆ, ಆ ಬಾಗಿಲು ನಿಮಗೆ ಮುಚ್ಚಿಲ್ಲ. ಇಂಗ್ಲಿಷ್ ಪರೀಕ್ಷೆಯ ಅಂಕ ಮತ್ತೆ ಕೇಳುವವರು ಇದ್ದಾರೆ, ಮೊದಲೇ ನೋಡಿಕೊಳ್ಳಿ. ಉಚ್ಚಾರಣೆಗೆ ಹೆದರಬೇಡಿ. ವಯಸ್ಸಿಗೆ ಮಿತಿ ಇಲ್ಲ. ನಾನು ಪಾಠ ಹೇಳಿದ ಬ್ಯಾಚ್‌ಗಳಲ್ಲಿ ನಲವತ್ತು ದಾಟಿದವರೂ ಇದ್ದರು, ಓದಿನಲ್ಲಿ ಹಿಂದೆ ಬಿದ್ದವರು ಅವರಲ್ಲ.

ಈಗ ನಿಮ್ಮ ಮನೆಯವರ ಭಯ. ಅವರ ಭಯ ಸರಿಯಾಗಿದೆ. ಇದನ್ನು ಸಮಾಧಾನ ಮಾಡಿ ಮುಚ್ಚಬೇಡಿ, ಒಟ್ಟಿಗೆ ಕೂತು ಲೆಕ್ಕ ಹಾಕಿ.

ನಾನು ಓದಿದಾಗ ಮಾಸ್ಟರ್ಸ್ ಸಾಕಿತ್ತು. 2022ರ ಜನವರಿಯಿಂದ ಸೇರುವ ಎಲ್ಲರೂ ಡಾಕ್ಟರೇಟ್ ಮಟ್ಟದ ಕೋರ್ಸ್‌ಗೇ ಸೇರಬೇಕು. ಕನಿಷ್ಠ 36 ತಿಂಗಳು. ಅಷ್ಟರೊಳಗೆ ಕಡಿಮೆ ಅಂದರೆ 600 ಕೇಸು, 2,000 ಗಂಟೆ ಕ್ಲಿನಿಕಲ್ ಮುಗಿಸಬೇಕು. ಬೆಳಿಗ್ಗೆ ಐದೂವರೆಗೆ ಆಸ್ಪತ್ರೆಯಲ್ಲಿ ಮೆಷಿನ್ ಚೆಕ್ ಮಾಡುತ್ತಾ ನಿಂತಿರುತ್ತೀರಿ. ಕ್ಲಿನಿಕಲ್ ಜಾಗ ಮನೆಯಿಂದ ಎರಡು ಗಂಟೆ ದೂರ ಇರಬಹುದು, ಬೇರೆ ಊರಿನಲ್ಲಿ ತಿಂಗಳುಗಟ್ಟಲೆ ಇರಬೇಕಾಗಬಹುದು. ಈ ಮೂರು ವರ್ಷ ಕೆಲಸ ಮಾಡಲು ಕಾಲೇಜುಗಳು ಬಿಡುವುದಿಲ್ಲ, ಬಿಟ್ಟರೂ ನಿಮ್ಮಿಂದ ಆಗುವುದಿಲ್ಲ.

ಎಲ್ಲರೂ ಫೀಸಿನ ಬಗ್ಗೆ ಮಾತಾಡುತ್ತಾರೆ. ಅದು ಕಾಲೇಜಿನ ಮೇಲೆ ಒಂದು ಲಕ್ಷ ಡಾಲರ್‌ನಿಂದ ಎರಡು ಲಕ್ಷ ದಾಟುವವರೆಗೂ ಇದೆ. ಆದರೆ ದೊಡ್ಡ ಖರ್ಚು ಬಾರದ ಸಂಬಳ. 2023ರ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದ ನರ್ಸ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 86,070 ಡಾಲರ್. ಮೂರು ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಮೇಲೆ. ಫೀಸು ಸೇರಿಸಿದರೆ ಈ ಕೋರ್ಸ್‌ನ ನಿಜವಾದ ಬೆಲೆ ನಾಲ್ಕು ಲಕ್ಷ ಡಾಲರ್ ಆಸುಪಾಸು. ಅದೇ ವರ್ಷ ಸಿಆರ್‌ಎನ್‌ಎಗಳ ಮಧ್ಯಮ ಸಂಬಳ 2,12,650 ಡಾಲರ್. ವರ್ಷಕ್ಕೆ 1 ಲಕ್ಷ 26 ಸಾವಿರ ಹೆಚ್ಚು. ಅಂದರೆ ಮೂರು ನಾಲ್ಕು ವರ್ಷದಲ್ಲಿ ಹಾಕಿದ್ದು ವಾಪಸ್ ಅನಿಸುತ್ತದೆ. ತೆರಿಗೆ, ಬಡ್ಡಿ ಸೇರಿಸಿ ನೋಡಿ, ಇನ್ನೂ ಮುಂದಕ್ಕೆ ಹೋಗುತ್ತದೆ. ಆದರೂ ನಿಮ್ಮ ವಯಸ್ಸಿಗೆ ಲೆಕ್ಕ ಕೂಡುತ್ತದೆ. ಒಂದೇ ಷರತ್ತು, ಕೋರ್ಸ್ ಮುಗಿಸಬೇಕು. ಎರಡನೇ ವರ್ಷ ಕೈಬಿಟ್ಟರೆ ಸಾಲ ಪೂರ್ತಿ ಉಳಿಯುತ್ತದೆ, ಹೊಸ ಸಂಬಳ ಬರುವುದಿಲ್ಲ. ಹಾಗೆ ಆದವರನ್ನು ನಾನು ನೋಡಿದ್ದೇನೆ. ಬುದ್ಧಿ ಸಾಲದೆ ಆಗಿದ್ದಲ್ಲ. ಒಬ್ಬರ ಅಮ್ಮನಿಗೆ ಊರಿನಲ್ಲಿ ಕಾಯಿಲೆ, ಇನ್ನೊಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳುವವರು ಇರಲಿಲ್ಲ.

ಸಾಲದ ದಾರಿಯೂ ಬದಲಾಗಿದೆ. ಹಿಂದೆ ಫೆಡರಲ್ ಸರ್ಕಾರದ ಗ್ರಾಡ್ ಪ್ಲಸ್ ಸಾಲದಲ್ಲಿ ಫೀಸು, ಮನೆ ಬಾಡಿಗೆ ಎಲ್ಲ ತೂಗಿಸಬಹುದಿತ್ತು. 2025ರ ಜುಲೈನಲ್ಲಿ ಬಂದ ಕಾನೂನು ಅದನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸಿತು. ಇನ್ನು ಮಿತಿ ಎರಡು ಥರ. ಸಾಮಾನ್ಯ ಗ್ರಾಜುಯೇಟ್ ಕೋರ್ಸ್‌ಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್. ಪ್ರೊಫೆಷನಲ್ ಅಂತ ಹೆಸರಿಸಿದ ಕೋರ್ಸ್‌ಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ. 2025ರ ಕೊನೆಯಲ್ಲಿ ಬಂದ ಕರಡಿನಲ್ಲಿ ನರ್ಸಿಂಗ್ ಆ ಎರಡನೇ ಪಟ್ಟಿಯಲ್ಲಿ ಇರಲಿಲ್ಲ. ನರ್ಸ್‌ಗಳು ಗಲಾಟೆ ಎಬ್ಬಿಸಿದ್ದೂ ಅದಕ್ಕೇ. ನೀವು ಕಡಿಮೆ ಮಿತಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿ. ಪ್ರತಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆದು ಕೇಳಿ. ಉಳಿದದ್ದನ್ನು ಬ್ಯಾಂಕ್ ಸಾಲದಿಂದ ತುಂಬಿಸುವುದಾದರೆ ಬಡ್ಡಿ ಹೆಚ್ಚು, ಜಾಮೀನಿಗೆ ನಿಮ್ಮ ಯಜಮಾನರು ಸಹಿ ಹಾಕಬೇಕಾಗಬಹುದು, ಮುಂದೆ ಕಷ್ಟ ಬಂದರೆ ಸರ್ಕಾರಿ ಸಾಲದಲ್ಲಿರುವ ರಿಯಾಯಿತಿ ಇರುವುದಿಲ್ಲ. ನನ್ನ ಸಲಹೆ ಕೇಳಿದರೆ, ಹೆಸರುವಾಸಿ ಕಾಲೇಜಿನ ಮೋಹ ಬಿಡಿ. ಫೀಸು ಕಡಿಮೆ ಇರುವ ಸರ್ಕಾರಿ ಯೂನಿವರ್ಸಿಟಿ ನೋಡಿ. ಕೊನೆಗೆ ಎಲ್ಲರೂ ಬರೆಯುವುದು ಒಂದೇ ಬೋರ್ಡ್ ಪರೀಕ್ಷೆ. ಕೆಲಸ ಕೊಡುವವರು ಕಾಲೇಜಿನ ಹೆಸರನ್ನು ನೋಡುವುದು ಅಪರೂಪ.

ಕಾಂಟ್ರಾಕ್ಟ್ ಮುರಿದು ಓಡುವ ಯೋಚನೆ ಬೇಡ. ದಂಡದ ಮೊತ್ತ ಏನು, ಒಂದೇ ಆಸ್ಪತ್ರೆಯೊಳಗೆ ಯೂನಿಟ್ ಬದಲಿಸಲು ಏಜೆನ್ಸಿ ಒಪ್ಪಿಗೆ ಬೇಕಾ ಅಂತ ಓದಿ. ಅನುಮಾನ ಇದ್ದರೆ ವಕೀಲರಿಗೆ ತೋರಿಸಿ. ಅದಕ್ಕೆ ಕೊಡುವ ಫೀಸು ವ್ಯರ್ಥವಲ್ಲ. ನೀವಿನ್ನೂ 22 ತಿಂಗಳು ಅಲ್ಲಿರಲೇಬೇಕು. ಆ ಸಮಯ ನಿಮ್ಮ ಶತ್ರು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಮುಂದಿನ ತಿಂಗಳು ಐಸಿಯುಗೆ ಹೋದರೆ ಕಾಂಟ್ರಾಕ್ಟ್ ಮುಗಿಯುವಾಗ ಹತ್ತಿರ ಹತ್ತಿರ ಎರಡು ವರ್ಷ ಇಲ್ಲಿನ ಅನುಭವ, ಕೈಯಲ್ಲಿ ಸಿಸಿಆರ್‌ಎನ್, ಎರಡು ಮೂರು ಹೊಸ 'ಎ' ಗ್ರೇಡ್, ಸ್ವಲ್ಪ ಉಳಿತಾಯ. ಅರ್ಜಿಗಳನ್ನು ಕೋರ್ಸ್ ಶುರುವಾಗುವ ಸುಮಾರು ಒಂದು ವರ್ಷ ಮೊದಲೇ ಕರೆಯುತ್ತಾರೆ, ಹಾಗಾಗಿ ಕೊನೆಯ ಕೆಲವು ತಿಂಗಳಲ್ಲಿ ಅರ್ಜಿ ಹಾಕಿರಬೇಕು. ಮ್ಯಾನೇಜರ್ ಐಸಿಯುಗೆ ಬಿಡದಿದ್ದರೆ ಐಸಿಯು ಮ್ಯಾನೇಜರ್ ಹತ್ತಿರ ನೇರ ಹೋಗಿ. ಆದರೆ ಮೊದಲ ದಿನವೇ 'ನಾನು ಸಿಆರ್‌ಎನ್‌ಎ ಮಾಡ್ತೀನಿ' ಅನ್ನಬೇಡಿ. ಎರಡು ವರ್ಷದಲ್ಲಿ ಬಿಟ್ಟು ಹೋಗುವವರಿಗೆ ಟ್ರೈನಿಂಗ್ ಕೊಡಲು ಯಾರಿಗೂ ಇಷ್ಟ ಇರುವುದಿಲ್ಲ. ಆರು ತಿಂಗಳು ಚೆನ್ನಾಗಿ ದುಡಿದ ಮೇಲೆ ಹೇಳಿ, ಆಗ ಅದೇ ಮ್ಯಾನೇಜರ್ ಶಿಫಾರಸು ಪತ್ರ ಬರೆದುಕೊಡುತ್ತಾರೆ.

ಮನೆಯ ಲೆಕ್ಕ ಕೂಡದಿದ್ದರೆ ಇನ್ನೊಂದು ದಾರಿ ಇದೆ. ಅಕ್ಯೂಟ್ ಕೇರ್ ನರ್ಸ್ ಪ್ರಾಕ್ಟೀಷನರ್, ಅಂದರೆ ಗಂಭೀರ ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್. ಆ ಕೋರ್ಸನ್ನು ಅನೇಕರು ಕೆಲಸ ಮಾಡುತ್ತಲೇ ಓದುತ್ತಾರೆ. 2023ರಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳ ಮಧ್ಯಮ ಸಂಬಳ 1,26,260 ಡಾಲರ್. ಸಿಆರ್‌ಎನ್‌ಎಗಿಂತ ಬಹಳ ಕಡಿಮೆ, ಆದರೆ ಮೂರು ವರ್ಷದ ಸಂಬಳ ಕಳೆದುಕೊಳ್ಳುವುದಿಲ್ಲ. ರೋಗಿಯ ಜೊತೆ ಮಾತಾಡುವುದು ನಿಮಗೆ ಇಷ್ಟ ಅಂದರೆ ಇದನ್ನು ಎರಡನೇ ದರ್ಜೆ ಅಂತ ನೋಡಬೇಡಿ. ನಮ್ಮ ರೋಗಿಗಳು ನಿದ್ದೆಯಲ್ಲಿರುತ್ತಾರೆ.

ಮುಂದೆ ಹಾಸನಕ್ಕೆ ವಾಪಸ್ ಹೋಗುವ ಆಸೆ ಇದ್ದರೆ ಅದನ್ನೂ ಈಗಲೇ ಮಾತಾಡಿಕೊಳ್ಳಿ. ಇಂಡಿಯಾದಲ್ಲಿ ಅರಿವಳಿಕೆ ಕೊಡುವುದು ಡಾಕ್ಟರ ಕೆಲಸ. ಸಿಆರ್‌ಎನ್‌ಎ ಅನ್ನುವ ಹುದ್ದೆಯೇ ಅಲ್ಲಿಲ್ಲ. ಅಮೆರಿಕದಲ್ಲಿ ಇದರ ಚರಿತ್ರೆ ಬೇರೆ, ನರ್ಸ್‌ಗಳು ಇಲ್ಲಿ 19ನೇ ಶತಮಾನದಿಂದಲೇ ಅರಿವಳಿಕೆ ಕೊಡುತ್ತಿದ್ದಾರೆ. ಮೇಯೊ ಆಸ್ಪತ್ರೆಯಲ್ಲಿ ಆಲಿಸ್ ಮಗಾವ್ ಅನ್ನುವ ನರ್ಸ್ ಅರಿವಳಿಕೆಯಿಂದ ಒಂದು ಸಾವೂ ಆಗದ ಹಾಗೆ 14,000ಕ್ಕೂ ಹೆಚ್ಚು ಕೇಸುಗಳನ್ನು ಮಾಡಿದ ಲೆಕ್ಕವನ್ನು 1906ರಲ್ಲೇ ಪ್ರಕಟಿಸಿದ್ದರು. ಇದನ್ನೆಲ್ಲ ಹೇಳಿದರೂ ನಮ್ಮಮ್ಮ ಇಂದಿಗೂ ನೆಂಟರ ಹತ್ತಿರ 'ಅವಳು ಡಾಕ್ಟರಿಗೆ ಸಹಾಯ ಮಾಡ್ತಾಳೆ' ಅಂತಲೇ ಹೇಳುವುದು.

ಕೊನೆಗೆ ಚಿಕ್ಕಮ್ಮನ ಮಗನ ವಿಷಯ. ಬಿಎಸ್ಸಿ ಅನಸ್ತೇಷಿಯಾ ಟೆಕ್ನಾಲಜಿ ಒಳ್ಳೆಯ ಕೋರ್ಸೇ. ಆದರೆ ಅದು ನರ್ಸಿಂಗ್ ಡಿಗ್ರಿ ಅಲ್ಲ. ಅದರ ಮೇಲೆ ಎನ್‌ಕ್ಲೆಕ್ಸ್ ಬರೆಯಲು ಆಗಲ್ಲ, ಹಾಗಾಗಿ ಸಿಆರ್‌ಎನ್‌ಎ ದಾರಿ ಅವನಿಗಿಲ್ಲ. ಅನಸ್ತೇಷಿಯಾಲಜಿಸ್ಟ್ ಅಸಿಸ್ಟೆಂಟ್ ಅಂತ ಇಲ್ಲಿ ಬೇರೆ ಒಂದು ಮಾಸ್ಟರ್ಸ್ ಇದೆ. ಅದಕ್ಕೆ ನರ್ಸ್ ಆಗಿರಬೇಕಿಲ್ಲ, ಆದರೆ ಮೆಡಿಕಲ್ ಕಾಲೇಜಿಗೆ ಕೇಳುವಂಥ ಸೈನ್ಸ್ ವಿಷಯಗಳು ಬೇಕು. ಆ ಕೆಲಸಕ್ಕೆ ಕೆಲವು ರಾಜ್ಯಗಳಲ್ಲಿ ಮಾತ್ರ ಅವಕಾಶ. 'ಅನಸ್ತೇಷಿಯಾ ಓದಿದರೆ ಅಮೆರಿಕ ಗ್ಯಾರಂಟಿ' ಅಂತ ಯಾರಾದರೂ ಏಜೆಂಟ್ ಅವನಿಂದ ದುಡ್ಡು ಕೇಳಿದ್ದರೆ, ಕೊಡುವ ಮೊದಲು ನನಗೊಂದು ಸಾಲು ಬರೆಯಲು ಹೇಳಿ.